ಕಂಬಕ್ಕೆ ಕಟ್ಟಿದ ಟವೆಲು

ನನ್ನ ಮೊಮ್ಮಗಳು ತಯಾರಿಸಿದ ವಿಡಿಯೊ ಗೇಮಿನಲ್ಲಿ ನಾನೊಬ್ಬ ಒಳ್ಳೆಯ ಕಂಡಕ್ಟರು. ಇದನ್ನು ಬರೆಯಲು ಕೂತಿದ್ದಕ್ಕೆ ಕಾರಣ ಅದೇ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಆಮೇಲಿನ ಬದುಕೆಲ್ಲ ಬಸ್ಸಿನಲ್ಲಿ ಕಳೆಯಿತು. ರಾತ್ರಿ ಹುಲಿಕಲ್ಲಿನಲ್ಲಿ ಉಳಿದು, ಬೆಳಿಗ್ಗೆ ಹೊರಟು, ನಗರವೆಂಬ ಊರಿನ ಮೇಲೆ ತೀರ್ಥಹಳ್ಳಿಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸಾಗುವ ಒಂದು ಖಾಸಗಿ ಬಸ್ಸು ನಮ್ಮದು. ಆಗ ಆ ದಾರಿಗೆ ಅದೊಂದೇ ಬಸ್ಸು. ಈಗ ಹೊಸನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳ ಮಗಳು ಸಾಗರದಲ್ಲಿ ಇಬ್ಬರು ಗೆಳತಿಯರ ಜೊತೆ ಬೇಕರಿಯ ಮೇಲಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಕಂಪ್ಯೂಟರಿನಲ್ಲಿ ಆಟ ತಯಾರಿಸುತ್ತಾಳೆ. ಮೊದಮೊದಲು ನನಗೆ ಅದು ಕೆಲಸವೆಂದೇ ಅನ್ನಿಸಿರಲಿಲ್ಲ. ಒಮ್ಮೆ ಬಾಯಿಬಿಟ್ಟು ಹಾಗೆಂದು, ಅವಳಿಂದ ಚೆನ್ನಾಗಿ ಅನ್ನಿಸಿಕೊಂಡೆ.

"ಅಜ್ಜ, ನೀನು ಇಡೀ ಆಯುಷ್ಯ ಬೆಲ್ ಎಳೆದಿದ್ದು ಕೆಲಸ, ನಾನು ಬೆಲ್ ಎಳೆಯೋ ಆಟ ಮಾಡಿದ್ರೆ ಕೆಲಸ ಅಲ್ದಾ?"

ಅವಳು ಮೊದಲು ಯೋಚಿಸಿದ್ದು ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚಿನ ಆಟ. ಸೇತುವೆ ಬಂದ ಮೇಲೆ ಲಾಂಚಿನ ಗದ್ದಲ ಮರೆತೇ ಹೋಗುತ್ತದೆ, ಅದನ್ನಾದರೂ ಆಟದಲ್ಲಿ ಉಳಿಸೋಣ ಎಂದು. ಆಡುವವನು ಲಾಂಚಿನವನು, ಯಾರನ್ನು ಹತ್ತಿಸಬೇಕು, ಯಾರನ್ನು ದಡದಲ್ಲಿ ಬಿಡಬೇಕು ಎಂದು ಅವನೇ ತೀರ್ಮಾನಿಸಬೇಕು. ಮಾಡಿ ನೋಡಿದರೆ ಯಾಕೋ ಜೀವ ಬರಲಿಲ್ಲವಂತೆ. "ದಡದಲ್ಲಿ ಉಳಿದವರಿಗೆ ಸ್ವಲ್ಪ ಹೊತ್ತಿಗೆ ಮತ್ತೆ ಲಾಂಚ್ ಬರ್ತದೆ ಅಜ್ಜ. ಬಿಟ್ಟು ಹೋದವನಿಗೆ ಏನೂ ಅನ್ಸಲ್ಲ," ಎಂದಳು. ಆಗ ಅವಳಿಗೆ ನನ್ನ ಬಸ್ಸು ನೆನಪಾಯಿತು. ದಿನಕ್ಕೊಂದೇ ಬಸ್ಸು. ಬಿಟ್ಟರೆ ಆ ದಿನ ಹೋಯಿತು.

ಭಾನುವಾರ ಭಾನುವಾರ ಬಂದು ನನ್ನ ಎದುರು ಮೊಬೈಲು ಇಟ್ಟು ಮಾತಾಡಿಸುತ್ತಿದ್ದಳು. ನಾನು ಉಬ್ಬಿ ಹೇಳುತ್ತಿದ್ದೆ. ಹೆಂಟೆಕೋಳಿಯನ್ನು ಚೀಲದಲ್ಲಿಟ್ಟು ಮಗಳ ಮನೆಗೆ ಕಳಿಸುತ್ತಿದ್ದ ಅಜ್ಜಿ, ಬಸ್ಸಿನಲ್ಲೇ ಪರೀಕ್ಷೆಗೆ ಓದಿಕೊಂಡು ಕಡೆಗೆ ಇಳಿಯುವುದನ್ನೇ ಮರೆಯುತ್ತಿದ್ದ ಹುಡುಗಿಯರು, ಹೀಗೆ. ಅವಳಿಗೆ ತುಂಬ ಹಿಡಿಸಿದ್ದು ಟವೆಲಿನ ಪದ್ಧತಿ.

ನಮ್ಮ ದಾರಿಯಲ್ಲಿ ಎಷ್ಟೋ ಮನೆಗಳು ರಸ್ತೆಯಿಂದ ದೂರ, ಇಳಿಜಾರಿನ ಕೆಳಗೆ, ಹಳ್ಳದ ಆಚೆ ಇದ್ದವು. ಬಸ್ಸಿಗೆ ಬರುವವರಿದ್ದರೆ ಬೆಳಿಗ್ಗೆ ಬೇಗ ಮನೆಯವರು ಯಾರಾದರೂ ಮೇಲೆ ಬಂದು ರಸ್ತೆ ಬದಿಯ ಕಂಬಕ್ಕೊಂದು ಟವೆಲು ಕಟ್ಟಿ ಹೋಗುತ್ತಿದ್ದರು. 'ನಮ್ಮ ಮನೆಯಿಂದ ಜನ ಇದ್ದಾರೆ, ಹಾರ್ನ್ ಹಾಕಿ ಸ್ವಲ್ಪ ನಿಲ್ಲಿ' ಎಂದು ಅದರ ಅರ್ಥ. ಹಾರ್ನ್ ಕೇಳಿದ ಮೇಲೆ ಅವರು ಗುಡ್ಡ ಹತ್ತುತ್ತಿದ್ದರು. ಕಂಬ ಬಸ್ಸಿನ ಎಡಬದಿಗೆ, ಬಾಗಿಲಿನ ಕಡೆಗೆ ಬರುತ್ತಿತ್ತು. ಘಾಟಿಯ ತಿರುವುಗಳಲ್ಲಿ ಡ್ರೈವರ್ ಕಣ್ಣು ರಸ್ತೆ ಬಿಟ್ಟು ಕದಲುವಂತಿಲ್ಲ. ಟವೆಲು ನೋಡುವುದು ಕಂಡಕ್ಟರನ ಕೆಲಸ. ಬೆಲ್ಲಿನ ಹಗ್ಗ ಒಮ್ಮೆ ಎಳೆದರೆ ನಿಲ್ಲಬೇಕು, ಎರಡು ಸಲ ಎಳೆದರೆ ಮುಂದಕ್ಕೆ. ಡ್ರೈವರ್ ಕಿವಿಯನ್ನು ನಂಬುತ್ತಿದ್ದ, ಕಿವಿ ನನ್ನ ಕೈಯನ್ನು.

"ನೀನು ಯಾವತ್ತಾದ್ರೂ ಟವೆಲು ಇದ್ರೂ ಹೋಗಿದ್ದಿದ್ಯಾ?" ಎಂದು ಕೇಳಿದಳು.

"ಒಂದಿನಾನೂ ಇಲ್ಲ," ಎಂದೆ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಸಾಕಿತ್ತು. ಹೇಳುವ ಹುರುಪಿನಲ್ಲಿ ಇನ್ನೊಂದನ್ನು ಸೇರಿಸಿದೆ. ಹುಲಿಕಲ್ ದಾಟಿದ ಮೇಲಿನ ಒಂದು ತಿರುವಿನಲ್ಲಿ ಒಂದು ಮನೆಯವರು ಎಲ್ಲರಿಗಿಂತ ಎತ್ತರಕ್ಕೆ ಕಂಬ ಏರಿಸಿ, ಟವೆಲಿಗೆ ಎರಡೆರಡು ಗಂಟು ಹಾಕುತ್ತಿದ್ದರು, ಅವರ ಶಿಸ್ತು ನೋಡಿ ಬಸ್ಸಿನವರೆಲ್ಲ ನಗುತ್ತಿದ್ದರು ಎಂದು. ಅದನ್ನು ತಮಾಷೆಯೆಂಬಂತೆ ಹೇಳಿದೆ. ಅವಳೂ ನಕ್ಕಳು.

ಆಟ ಒಂದು ಹದಕ್ಕೆ ಬಂದಾಗ ನನ್ನನ್ನು ಸಾಗರಕ್ಕೆ ಕರೆಸಿಕೊಂಡಳು. ಬೇಕರಿಯ ಮೆಟ್ಟಿಲು ಹತ್ತಿ ಹೋದರೆ ಕೋಣೆಯಲ್ಲಿ ಬಿಸಿ ಬ್ರೆಡ್ಡಿನ ವಾಸನೆ. ಗೆಳತಿಯರಿಬ್ಬರೂ ಎದ್ದು ಕುರ್ಚಿ ಬಿಟ್ಟುಕೊಟ್ಟರು. ತೆರೆಯ ಮೇಲೆ ಮೊದಲು ಬಂದದ್ದು ಕನ್ನಡದ ಒಂದು ಸಾಲು: 'ಒಂದು ದಿನವೂ ಟವೆಲು ದಾಟಿ ಹೋಗದ ನನ್ನ ಅಜ್ಜನಿಗೆ.' ಮುಂದಿನ ವಾರ ಊರಿನವರಿಗೆ ಇದನ್ನು ತೋರಿಸುವ ಏರ್ಪಾಟಿದೆ, ನಾನು ಮುಂದೆ ಕೂರಬೇಕು, ಎರಡು ಮಾತಾಡಬೇಕು ಎಂದಳು. ಹೂಂ ಎಂದೆ.

ಆಡಲು ಕೂತೆ. ಒಂದು ಗುಂಡಿ ಒತ್ತಿದರೆ ಬೆಲ್. ಒಮ್ಮೆ ಒತ್ತಿದರೆ ಬಸ್ಸು ನಿಲ್ಲುತ್ತದೆ, ಎರಡು ಸಲಕ್ಕೆ ಹೊರಡುತ್ತದೆ. ತೆರೆಯಲ್ಲಿ ನಮ್ಮದೇ ರಸ್ತೆ, ನಮ್ಮದೇ ಬಸ್ಸು, ಕಿಟಕಿಯ ಪರದೆಯ ಆ ಹಳದಿ ಬಣ್ಣ ಕೂಡ. ಆದರೆ ಎಲ್ಲಿ ಏನು ಮಾಡಬೇಕೆಂದು ಆಟ ಹೇಳುವುದೇ ಇಲ್ಲ.

"ಇದೆಂತ, ಮಾರ್ಕು ಗೀರ್ಕು ಏನೂ ಬರೋದಿಲ್ವಾ?" ಎಂದೆ.

"ಕೆಲವು ಆಟದಲ್ಲಿ ನಿನ್ನ ನಿಲ್ಸಿ, ಈಗ ನೀನು ತೀರ್ಮಾನ ಮಾಡು ಅಂತ ಕೇಳ್ತಾರೆ ಅಜ್ಜ. ಕೇಳಿದ್ ಕೂಡ್ಲೇ ಎಲ್ಲರೂ ಒಳ್ಳೇವ್ರಾಗ್ಬಿಡ್ತಾರೆ. ನಂಗೆ ಅದು ಬ್ಯಾಡ. ನೀನು ಟಿಕೆಟ್ ಕೊಡ್ತಾ ಇರ್ಬೇಕು, ಯಾರೋ ಚಿಲ್ಲರೆ ಕೇಳ್ತಾ ಇರ್ಬೇಕು, ಆಗ ಟವೆಲು ಬಂದು ಹೋಗ್ಬೇಕು. ತೀರ್ಮಾನ ಮಾಡಿದೆ ಅಂತ ನಿಂಗೇ ಗೊತ್ತಾಗ್ಬಾರ್ದು. ಆಮೇಲೆ ಗೊತ್ತಾಗ್ಬೇಕು."

"ಆಮೇಲೆ ಅಂದ್ರೆ?"

"ಆಡು, ನೋಡು."

ಮೊದಲ ಎರಡು ಟವೆಲಿಗೆ ನಿಲ್ಲಿಸಿದೆ. ನಂತರ ಆ ತಿರುವು ಬಂತು. ಬಲಕ್ಕೆ ಬಂಡೆ, ಎಡಕ್ಕೆ ಇಳಿಜಾರು. ತೆರೆಯ ತುಂಬ ಮಂಜು. ಮಂಜಿನ ನಡುವೆ ಗಿಡ್ಡ ಕಂಬ, ಅದರ ಮೇಲೆ ಬಿಳಿಯದೇನೋ. ನನ್ನ ಬೆರಳು ಎರಡು ಸಲ ಒತ್ತಿತು. ಮುಪ್ಪಿನ ನಡುಕವೋ, ಹಳೆಯ ಕೈಯ ನೆನಪೋ, ನನಗೆ ಗೊತ್ತಿಲ್ಲ. ಬಸ್ಸು ಮುಂದೆ ಹೋಯಿತು. ತೆರೆಯ ಮೇಲೆ ಏನೂ ಬರಲಿಲ್ಲ. ಬೈಗುಳವಿಲ್ಲ, ಕೆಂಪು ಅಕ್ಷರವಿಲ್ಲ. ತೀರ್ಥಹಳ್ಳಿ ಬಂತು, ಜನ ಇಳಿದರು, ದಿನ ಮುಗಿಯಿತು.

ಆಟದೊಳಗಿನ ಮರುದಿನ ಅದೇ ತಿರುವಿಗೆ ಬಂದಾಗ ಕಂಬ ಎತ್ತರವಾಗಿತ್ತು. ಹಳೆಯ ಕಂಬಕ್ಕೆ ಇನ್ನೊಂದು ಕೋಲು ಜೋಡಿಸಿ ಕಟ್ಟಿದ್ದರು. ತುದಿಯಲ್ಲಿ ಟವೆಲು. ಎರಡು ಗಂಟು.

ನಾನು ಗುಂಡಿಯಿಂದ ಕೈ ತೆಗೆದೆ.

"ಇದು ನಿಂಗೆ ಹೆಂಗೆ ಗೊತ್ತಾತು?"

"ನೀನೇ ಹೇಳಿದ್ದಲ್ಲಾ, ಎತ್ತರದ ಕಂಬ, ಎರಡು ಗಂಟು ಅಂತ. ಯಾಕೆ ಹಂಗೆ ಮಾಡ್ತಾರೆ ಜನ ಅಂತ ಯೋಚ್ನೆ ಮಾಡಿದೆ. ಒಂದಿನ ಬಸ್ಸು ನಿಂತಿರ್ಲಿಕ್ಕಿಲ್ಲ. ಟವೆಲು ಕಾಣ್ಲಿಲ್ಲ ಅಂತ ಅವರು ತಿಳ್ಕಂಡಿರ್ಬೇಕು. ಪಾಪ, ನಿಂಗೂ ಗೊತ್ತಿರ್ಲಿಕ್ಕಿಲ್ಲ. ಅದ್ಕೇ ಮಂಜು ಹಾಕಿದೆ."

ಗೆಳತಿಯರು ಕೆಳಗೆ ಟೀ ತರಲು ಹೋಗಿದ್ದರು. ಅವಳು ನನ್ನ ಮೇಲೆ ಕರುಣೆಯಿಟ್ಟು ಎಷ್ಟು ದಟ್ಟವಾಗಿ ಮಂಜು ಹಾಕಿದ್ದಳು!

"ಆವತ್ತು ಮಂಜಿರ್ಲಿಲ್ಲ," ಎಂದೆ.

ಹೇಳಿದ್ದು ಇಷ್ಟು. ಹಿಂದಿನ ದಿನ ಆ ಮನೆಯ ಯಜಮಾನರು ತೀರ್ಥಹಳ್ಳಿಯ ನೆಂಟರಿಗೆಂದು ಒಂದು ಡಬ್ಬ ಹಲಸಿನ ಹಪ್ಪಳವನ್ನು ನನ್ನ ಕೈಲಿ ಕಳಿಸಿದ್ದರು. ಮೇಲೆ ಅಕ್ಕಿ ಮೂಟೆ ಬಿದ್ದು ಹಪ್ಪಳವೆಲ್ಲ ಪುಡಿಯಾಯಿತು. ಸಂಜೆ, ನೆಂಟರು ಬೇಡವೆಂದ ಆ ಡಬ್ಬವನ್ನು ವಾಪಸು ಕೊಟ್ಟಾಗ, ಅವರು ಬಸ್ಸು ತಡೆದು, ತುಂಬಿದ ಬಸ್ಸಿನ ಮುಂದೆ, "ಹಪ್ಪಳ ಸಾಗ್ಸಕ್ಕೆ ಬರದವ್ನು ಜನ ಏನು ಸಾಗಿಸ್ತೀಯ?" ಎಂದರು. ಹಿಂದಿನ ಸೀಟಿನಲ್ಲಿದ್ದ ಹೆಣ್ಣುಮಕ್ಕಳು ನಕ್ಕರು. ಆಗ ನನಗೆ ಹೊಸ ಮೀಸೆ. ಆ ನಗು ಇಡೀ ರಾತ್ರಿ ಚುಚ್ಚಿತು.

ಬೆಳಿಗ್ಗೆ ಆ ತಿರುವಿನಲ್ಲಿ ಎಳೆಬಿಸಿಲು. ಕಂಬದ ಮೇಲೆ ಹಸಿರು ಅಂಚಿನ ಟವೆಲು ಸ್ಪಷ್ಟವಾಗಿ ಕಂಡಿತು. ಎರಡು ಸಲ ಹಗ್ಗ ಎಳೆದೆ. ಡ್ರೈವರ್ ನಂಬಿ ಹೋದ. ಹಿಂದಿನ ಗಾಜಿನತ್ತ ತಿರುಗಿ ನೋಡಲಿಲ್ಲ. ಟಿಕೆಟ್ ಹರಿಯುತ್ತಾ ಮುಂದಕ್ಕೆ ನಡೆದೆ. ಒಂದು ದಿನ ಕಾಯಲಿ, ಗೊತ್ತಾಗಲಿ ಎಂದುಕೊಂಡೆ. ಆ ದಿನ ಬಸ್ಸಿಗೆ ಬರಬೇಕಾಗಿದ್ದವಳು ಯಜಮಾನರ ಮಗಳು. ತೀರ್ಥಹಳ್ಳಿಯಲ್ಲಿ ಅವಳಿಗೆ ಟೀಚರ್ ಕೆಲಸದ ಸಂದರ್ಶನವಿತ್ತು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಲ್ಲಿಸುತ್ತಿದ್ದೆನೇ? ನಿಲ್ಲಿಸುತ್ತಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಇಷ್ಟೇ ಆಗಿದ್ದರೆ ಒಂದು ಬೆಳಗಿನ ಸಿಟ್ಟು ಎಂದು ಮುಗಿಸಬಹುದಿತ್ತು. ಸಂಜೆ ಯಜಮಾನರು ಮತ್ತೆ ರಸ್ತೆಗೆ ಬಂದಿದ್ದರು. ಹಿಂದೆ ಅವರ ಸೊಸೆ ನಿಂತಿದ್ದಳು. ಟವೆಲು ಕಟ್ಟುವ ಕೆಲಸ ಯಾವಾಗಲೂ ಅವಳದೇ. ಯಾಕೆ ನಿಲ್ಲಿಸಲಿಲ್ಲ ಎಂದು ಯಜಮಾನರು ಕೇಳಿದರು. ಅವರ ದನಿಯಲ್ಲಿ ಆವತ್ತು ಜೋರಿರಲಿಲ್ಲ. ನಾನು ಟಿಕೆಟ್ ಪುಸ್ತಕ ನೋಡುತ್ತಾ, "ತಿರುವಿನಲ್ಲಿ ಮಂಜಿತ್ತು ಯಜಮಾನ್ರೆ. ಟವೆಲು ಜಾರಿ ಕೆಳಗೆ ಇಳಿದಿತ್ತು ಅಂತ ಕಾಣ್ತದೆ, ಗಂಟು ಸಡ್ಲ ಆಗಿರ್ಬೇಕು" ಎಂದೆ.

"ಇಲ್ಲ, ಮೇಲೇ ಇತ್ತು, ನಾನೇ ಬಿಚ್ಚಿ ತಂದಿದ್ದು," ಎಂದಳು ಸೊಸೆ.

ಯಜಮಾನರು ಅವಳ ಕಡೆ ತಿರುಗಿ, "ಒಂದು ಗಂಟು ಹಾಕಕ್ಕೆ ಬರಲ್ವಾ ನಿಂಗೆ?" ಎಂದರು. ನಾನು ಎರಡು ಸಲ ಬೆಲ್ ಎಳೆದೆ.

ಮೊಮ್ಮಗಳು ಇಷ್ಟನ್ನೂ ಕೇಳಿ ಕಂಪ್ಯೂಟರ್ ಆರಿಸಿದಳು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

"ಆ ಸೊಸೆ ಈಗ ಎಲ್ಲಿದ್ದಾರೆ?"

"ಆ ತಿರುವಿನಲ್ಲೇ. ಒಂದು ಚಾ ಹೋಟ್ಲು ಇಟ್ಕಂಡಿದ್ದಾರಂತೆ. ಆ ಕಡೆಗೆ ನಾನು ಹೋಗೋದಿಲ್ಲ."

ಅದು ನಿಜ. ಆ ಕಡೆಯ ಮದುವೆ ಮುಂಜಿಗಳಿಗೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೇನೆ. ಆ ತಿರುವು ಕಣ್ಣೆದುರು ಬಂದಾಗಲೆಲ್ಲ ಯಜಮಾನರೂ ಅಲ್ಲ, ಬಸ್ಸು ತಪ್ಪಿದ ಹುಡುಗಿಯೂ ಅಲ್ಲ, ಮಾತು ಬಾಯಲ್ಲೇ ಉಳಿದ ಆ ಸೊಸೆಯ ಮುಖವೇ ಕಾಣುತ್ತಿತ್ತು.

ಆಮೇಲೆ ನಾನೊಂದು ಪ್ರಶ್ನೆ ಕೇಳಿದೆ. ಯಾಕೆ ಕೇಳಿದೆನೋ. "ನಿನ್ನ ಆಟದಲ್ಲಿ ಕಂಡಕ್ಟರು ಬಸ್ಸಿಂದ ಇಳೀಬೌದಾ?"

ಅವಳು ಯೋಚಿಸಿದಳು. "ಇಲ್ಲ. ಫುಟ್‌ಬೋರ್ಡಿನ ತನಕ ಮಾತ್ರ. ಇಳಿಯೋದು ನಂಗೆ ಹೊಳೀಲೇ ಇಲ್ಲ."

ನನಗೂ ಹೊಳೆದಿರಲಿಲ್ಲ. ದಿನವೂ ಆ ಕಂಬದ ಮುಂದೆ ಹೋಗುತ್ತಿದ್ದೆ, ಟವೆಲು ಇದ್ದಾಗಲೆಲ್ಲ ಎರಡು ಗಂಟು ನೋಡುತ್ತಿದ್ದೆ. ಇಳಿದು ಒಂದು ಮಾತು ಹೇಳಬಹುದಿತ್ತು.

ಮರುದಿನವೇ ಹೊರಟೆವು, ಅವಳೂ ನಾನೂ. ಸಾಗರದಿಂದ ಹೊಸನಗರ, ಅಲ್ಲಿಂದ ನಗರ, ಮತ್ತೆ ಹುಲಿಕಲ್ ಕಡೆಯ ಬಸ್ಸು. ತಿರುವಿನಲ್ಲಿ ಇಳಿದಾಗ ಕಂಬ ಇರಲಿಲ್ಲ. ಅದರ ಜಾಗದಲ್ಲಿ ತಗಡಿನ ಮಾಡಿನ ಹೋಟೆಲು; ಘಾಟಿ ನೋಡಲು ಬರುವವರಿಗೆ ಚಾ, ಬನ್ಸು, ಬಾಳೆಕಾಯಿ ಚಿಪ್ಸು. ಆಕೆ ಕೂತು ಚಿಪ್ಸಿನ ಪೊಟ್ಟಣಗಳಿಗೆ ದಾರ ಕಟ್ಟುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದವರು ಕಣ್ಣು ಕಿರಿದು ಮಾಡಿದರು.

"ಕಂಡಕ್ಟ್ರಲ್ದಾ? ಕೂದ್ಲೆಲ್ಲ ಎಲ್ಲಿ ಇಳಿಸ್ಬಂದ್ರಿ ಮಾರಾಯ್ರೆ? ನಿಲ್ಲೋ ಭಂಗಿ ಮಾತ್ರ ಅದೇ. ಈಗ್ಲೂ ಮೇಲೆ ಕಂಬಿ ಹಿಡ್ಕಂಡಂಗೇ ನಿಂತಿದೀರಿ."

ಮೊಮ್ಮಗಳು ನಕ್ಕಳು. ಆಕೆ ಚಾ ಕೊಟ್ಟರು. ಚಾ ಕುಡಿದ ಮೇಲೆ ಹೇಳೋಣ ಎಂದುಕೊಂಡೆ. ಆದರೆ ಅವರ ಬೆರಳುಗಳನ್ನು ನೋಡಿದೆ. ಪ್ರತಿ ಪೊಟ್ಟಣಕ್ಕೂ ಒಂದು ಗಂಟು, ಅದನ್ನು ಎಳೆದು ನೋಡಿ ಮೇಲಿನಿಂದ ಇನ್ನೊಂದು. ಲೋಟವನ್ನು ಹಾಗೇ ಇಟ್ಟು ಹೇಳಿಬಿಟ್ಟೆ.

ಅವರು ಕೈ ನಿಲ್ಲಿಸಲಿಲ್ಲ. ಕೇಳುತ್ತಾ ಕಟ್ಟುತ್ತಲೇ ಇದ್ದರು.

"ಮಂಜಿತ್ತು ಅಂದಿದ್ರಿ."

"ಇರ್ಲಿಲ್ಲ."

"ಜಾರಿತ್ತು ಅಂದಿದ್ರಿ."

"ಇಲ್ಲ. ಮೇಲೇ ಇತ್ತು. ಹಸಿರು ಅಂಚಿನ ಟವೆಲು."

ಆಗ ಕೈ ನಿಂತಿತು. ಅರ್ಧ ಕಟ್ಟಿದ ಪೊಟ್ಟಣವನ್ನು ನೋಡುತ್ತಾ, "ಹಂಗಾದ್ರೆ ಒಂದು ಗಂಟು ಸಾಕಿತ್ತು," ಎಂದರು.

ತಪ್ಪಾಯಿತು ಎಂದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡರು.

"ಆವತ್ತು ನೀವು ಟಿಕೆಟ್ ಪುಸ್ತಕ ನೋಡ್ಕಂಡು ಮಾತಾಡಿದ್ರಿ. ಸುಳ್ಳು ಹೇಳ್ತಿದಾನೆ ಅಂತ ನಂಗೆ ಆಗ್ಲೇ ಅನ್ಸಿತ್ತು. ಆದ್ರೆ ಮನೇಲಿ ಎಲ್ಲರೂ ಒಂದೇ ಸಮ ಅಂದೂ ಅಂದೂ, ಒಂದೆರಡು ವರ್ಷಕ್ಕೆ ನಂಗೇ ಅನುಮಾನ ಬಂತು. ಜಾರಿತ್ತೇನೋ ಅಂತ. ನನ್ನ ಕಣ್ಣು ನಂಗೇ ಸುಳ್ಳಾತು ಕಂಡಕ್ಟ್ರೆ. ಅದು ಮಾತ್ರ ನೀವು ಮಾಡ್ಬಾರ್ದಿತ್ತು."

"ಕ್ಷಮಿಸಿ..."

"ಕ್ಷಮೆ ಗಿಮೆ ತಗಂಡು ನಾನೆಂತ ಮಾಡ್ಲಿ? ಮಾವ ಹೋದ್ರು, ಅತ್ತೆ ಹೋದ್ರು. ಅವ್ರಿಗೆ ಹೇಳಕ್ಕಾಗಲ್ಲ. ನಾದಿನಿ ಇದಾಳೆ, ತೀರ್ಥಹಳ್ಳೀಲಿ ಟೈಲರಿಂಗ್ ಮಾಡ್ಕಂಡು. ನನ್ ಹತ್ರ ಚೆನ್ನಾಗೇ ಇದಾಳೆ, ಇಲ್ಲ ಅನ್ನಲ್ಲ. ಆದ್ರೆ ಹಬ್ಬಕ್ಕೆ ಬಂದು ಹೊರಡೋವಾಗ ಅವ್ಳ ಚೀಲ ಕಟ್ಟಕ್ಕೆ ನಾನು ಹೋದ್ರೆ, 'ಬಿಡು ಅತ್ಗೆ, ನಾನೇ ಕಟ್ಕಳ್ತೀನಿ' ಅಂತಾಳೆ. ನಗ್ತಾ ಹೇಳ್ತಾಳೆ. ಪ್ರತೀ ಸಲ." ಅವರು ಎದ್ದರು. "ಫೋನಲ್ಲಿ ಬ್ಯಾಡ. ನಾನು ಹೇಳಿದ್ರೆ ನನ್ನ ಬೆನ್ನು ನಾನೇ ತಟ್ಕಂಡಂಗೆ. ನೀವು ಬಂದು ಅವ್ಳ ಎದ್ರು ಹೇಳಿ. ಈಗ್ಲೇ ಬಸ್ಸಿದೆ."

ಪಕ್ಕದ ಮನೆಯವರಿಗೆ ಹೋಟೆಲು ನೋಡಿಕೊಳ್ಳಲು ಹೇಳಿ ಅವರು ಹೊರಟೇಬಿಟ್ಟರು. ಬಸ್ಸಿನಲ್ಲಿ ಮೊಮ್ಮಗಳ ಪಕ್ಕ ಕೂತು, ಇದೆಂತ ಆಟ ಎಂದು ಕೇಳಿದರು. ಅವಳು ಮೊಬೈಲಿನಲ್ಲಿ ಕಂಬದ ಚಿತ್ರ ತೋರಿಸಿದಳು. ಆಕೆ ಬೆರಳಿನಿಂದ ಅದನ್ನು ದೊಡ್ಡದು ಮಾಡಿ ನೋಡಿ, "ಕೋಲು ಜೋಡಿಸಿ ಕಟ್ಟಿದ್ದು ಬಳ್ಳೀಲಿ, ಹಗ್ಗದಲ್ಲಲ್ಲ," ಎಂದರು. ಸ್ವಲ್ಪ ಹೊತ್ತಿಗೆ, "ಕಂಬ ಇರ್ಲಿ. ನನ್ನ ಮುಖ ಮಾತ್ರ ಹಾಕ್ಬೇಡ ಮಾರಾಯ್ತಿ."

"ಹಾಕಲ್ಲ ಅಜ್ಜಿ. ಮಂಜು ತೆಗೀತೀನಿ. ಮೊದ್ಲು ಬರೋ ಸಾಲೂ ತೆಗೀತೀನಿ." ಇದನ್ನು ಅವಳು ನನ್ನ ಕಡೆ ನೋಡದೆ ಹೇಳಿದಳು. ಆಮೇಲೆ, "ಕಂಡಕ್ಟರು ಇಳಿಯೋ ಹಂಗೂ ಮಾಡ್ತೀನಿ. ಇಳೀಬೌದು ಅಂತ ಎಲ್ಲೂ ಬರೆಯಲ್ಲ. ಸುಮಾರು ಜನಕ್ಕೆ ಅದು ಸಿಗೋದೇ ಇಲ್ಲ," ಎಂದಳು.

"ಸಿಗದಿದ್ರೆ?"

"ಸಿಗದಿದ್ರೆ ಕಂಬ ಹಂಗೇ ಎತ್ತರ ಇರ್ತದೆ."

ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆ ಟೈಲರ್ ಅಂಗಡಿ. ಬಸ್ಸು ತಪ್ಪಿದ್ದ ಹುಡುಗಿಗೆ ಈಗ ಕನ್ನಡಕ, ಕುತ್ತಿಗೆಯಲ್ಲಿ ಅಳತೆ ಟೇಪು. ಅತ್ತಿಗೆಯನ್ನು ಕಂಡು, "ಇದೆಂತ, ಹೇಳ್ದೆ ಕೇಳ್ದೆ!" ಎಂದು ಎದ್ದರು. ನಾನು ಯಾರೆಂದು ಹೇಳಿ, ನಿಂತೇ ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗಬೇಕಿತ್ತು. ಆಗಲಿಲ್ಲ.

ಅವರು ಕೇಳಿ ಮುಗಿಸಿ ಒಂದೇ ಮಾತು ಕೇಳಿದರು: "ಹಪ್ಪಳಕ್ಕಾ?"

ಹೌದು ಎಂದೆ.

"ಆವತ್ತು ಹಾರ್ನಿಗೂ ಕಾಯ್ದೆ ನಾನು ಗುಡ್ಡ ಹತ್ತಿ ಬರೋವಾಗ ಬಸ್ಸಿನ ಹಿಂಭಾಗ ಕಾಣ್ತಿತ್ತು. ಕೂಗ್ದೆ. ಕೇಳ್ಸಲಿಲ್ಲ ಅನ್ಕಂಡೆ." ಕನ್ನಡಕ ತೆಗೆದು ಒರೆಸಿದರು. "ನೀವು ಸ್ವಲ್ಪ ಹೊರಗೆ ಕೂತಿರಿ."

ನಾನೂ ಮೊಮ್ಮಗಳೂ ಹೊರಗಿನ ಬೆಂಚಿನಲ್ಲಿ ಕೂತೆವು. ಒಳಗಿನ ಮಾತು ಕೇಳಿಸಲಿಲ್ಲ, ಕೇಳಿಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಹೊಲಿಗೆ ಯಂತ್ರ ತುಂಬ ಹೊತ್ತು ನಿಂತಿತ್ತು. ಒಬ್ಬಳು ರವಿಕೆ ಕೇಳಿಕೊಂಡು ಬಂದು, ಒಳಗೆ ಇಣುಕಿ ವಾಪಸು ಹೋದಳು. ಮೊಮ್ಮಗಳು ನನ್ನ ಕೈ ಹಿಡಿಯಲಿಲ್ಲ, ದೂರ ಸರಿದೂ ಕೂರಲಿಲ್ಲ.

ವಾಪಸು ಹೋಗುವ ಬಸ್ಸಿನ ಹೊತ್ತಾದಾಗ ಇಬ್ಬರೂ ಬಾಗಿಲಿಗೆ ಬಂದರು. ನಾದಿನಿಯ ಕೈಯಲ್ಲಿ ಒಂದು ಬಟ್ಟೆ ಚೀಲ, ಅದರ ತುಂಬ ಊರಿನ ಯಾರಿಗೋ ತಲುಪಿಸಬೇಕಾದ ಹೊಲಿದ ಬಟ್ಟೆಗಳು. ಚೀಲದ ಬಾಯಿ ಇನ್ನೂ ತೆರೆದೇ ಇತ್ತು. ಅವರು ನನ್ನ ಕಡೆ ನೋಡಲಿಲ್ಲ. ಚೀಲವನ್ನು ಅತ್ತಿಗೆಯ ಮುಂದೆ ಹಿಡಿದರು.

"ಕಟ್ಟು ಅತ್ಗೆ."

ಆಕೆ ಚೀಲದ ಬಾಯಿ ಸೇರಿಸಿ ದಾರ ಸುತ್ತಿ ಗಂಟು ಹಾಕಿದರು. ಅಭ್ಯಾಸದಂತೆ ಇನ್ನೊಂದಕ್ಕೆ ಬೆರಳು ಹೋಯಿತು. ದಾರ ಹಿಡಿದುಕೊಂಡೇ ಒಂದು ಕ್ಷಣ ನಿಂತರು. ಆಮೇಲೆ ಅದನ್ನು ಹಾಗೇ ಬಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ನನ್ನನ್ನು ದಾಟಿ ಬಸ್ಸಿನ ಕಡೆ ನಡೆದರು.